ಎಡಗಡೆಯ ಕಂಬ

ಇಸ್ತಾಂಬುಲ್
11 ಅಕ್ಟೋಬರ್ 1998

ಬಾಬಾ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹೂಂ" ಅನ್ನುತ್ತೀರಿ, ನಾನು "ಸರಿ" ಅನ್ನುತ್ತೇನೆ, ಆಮೇಲೆ ಅಪ್ಪ ಮಗಳು ಇಬ್ಬರೂ ಲೈನಿನ ಗರಗರ ಶಬ್ದ ಕೇಳುತ್ತಾ ನಿಂತಿರುತ್ತೇವೆ.

ವಾಸ್ತುಶಿಲ್ಪದ ಮೊದಲ ವರ್ಷದಲ್ಲಿ ನಾವು ನಲವತ್ತೊಂದು ಜನ. ಮುಕದ್ದೆರ್ ಮೇಡಂ ಅಂತ ಒಬ್ಬರು ಹಳೆಯ ಕಟ್ಟಡಗಳ ಪಾಠ ಮಾಡುತ್ತಾರೆ. ವಸಂತದೊಳಗೆ ಪ್ರತಿಯೊಬ್ಬರೂ ಒಟ್ಟೋಮನ್ನರ ಮೊದಮೊದಲ ಕಾಲದ ಒಂದು ಮಸೀದಿಯನ್ನು ಆರಿಸಿ, ಸ್ವಂತ ಕೈಯಲ್ಲಿ ಅಳೆದು, ನಕ್ಷೆ ಬರೆದುಕೊಡಬೇಕಂತೆ. ಎಲ್ಲರೂ ಬುರ್ಸಾದ್ದು, ಎದಿರ್ನೆಯದ್ದು ಅಂತ ದೊಡ್ಡದೊಡ್ಡದನ್ನೇ ಹಿಡಿದುಕೊಂಡರು. ನನ್ನ ಸರದಿ ಬಂದಾಗ ಬಾಯಿ ತಾನಾಗಿಯೇ "ಇಂಜಿರ್ಲಿಯ ಕುತ್ಲು ಬೇ ಮಸೀದಿ" ಅಂದುಬಿಟ್ಟಿತು.

"ಅದೆಲ್ಲಿದೆಯಮ್ಮ?" ಅಂದರು ಮೇಡಂ.

"ನಮ್ಮೂರಲ್ಲಿ. ನಮ್ಮಪ್ಪನೇ ಅದನ್ನ ನೋಡ್ಕೊಳ್ಳೋದು. ಗಾರೆ ಕೆಲಸದ ಉಸ್ತಾ ಕೂಡ."

ಹಿಂದಿನ ಬೆಂಚಿನಿಂದ ಯಾರೋ, "ಬಿಸ್ಕತ್ ಡಬ್ಬದ ಮೇಲಿನ ಮೇಮ್ ಥರ ಇದಾಳೆ, ಇವಳಿಗೂ ಒಂದು ಊರಿದೆಯಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹನ್ನೊಂದು ವರ್ಷ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಎಲ್ಲರ ಜೊತೆ ನಗುವುದು ಮೊದಲ ಪಾಠ.

ರಂಜಾನ್ ಹಬ್ಬಕ್ಕೆ ಬಂದು ಹತ್ತು ದಿನ ಇದ್ದು ಅಳತೆ ತೆಗೆದುಕೊಳ್ಳಲೇ? ನಿಮಗೆ ತೊಂದರೆ ಕೊಡುವುದಿಲ್ಲ. ಅಡುಗೆ ನಾನೇ ಮಾಡುತ್ತೇನೆ. ಕೆಲಸವಿದ್ದರೆ ಹಾಗೇ ಬರೆಯಿರಿ, ನನಗೆ ಅಭ್ಯಾಸವಿದೆ.

(ಕೊನೆಯ ಮಾತು ಬೇಡವಾಗಿತ್ತು. ಪೆನ್ನಿನಲ್ಲಿ ಬರೆದುಬಿಟ್ಟೆ. ಇನ್ನೊಮ್ಮೆ ಹರಿಯಲು ಕಾಗದವಿಲ್ಲ.)

ನಿಮ್ಮ
ಜಾಲೆ


ಇಂಜಿರ್ಲಿ
27 ಅಕ್ಟೋಬರ್ 1998

ಜಾಲೆ,

ಪತ್ರ ತಲುಪಿತು. ಬೇರೆ ಮಸೀದಿ ಆರಿಸಿಕೋ. ನಮ್ಮದು ಚಿಕ್ಕದು, ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಬದಲಾಯಿಸಲು ಆಗುವುದೇ ಇಲ್ಲ ಎಂದಾದರೆ ನಿನ್ನ ಮೇಡಂಗೆ ಇಷ್ಟು ಹೇಳು. ಕಟ್ಟಿ ಆರುನೂರು ವರ್ಷ ದಾಟಿದೆ. ಆಗ ಈ ರಾಜ್ಯವೇ ಇನ್ನೂ ಕೂಸು. ಕಟ್ಟಿದವರಿಗೆ ಮಸೀದಿ ಬೇಕಿತ್ತೋ ಛತ್ರ ಬೇಕಿತ್ತೋ ಅವರಿಗೇ ತೀರ್ಮಾನವಾಗಿರಲಿಲ್ಲ. ಅದಕ್ಕೇ ಎರಡನ್ನೂ ಕಟ್ಟಿದರು. ನಡುವೆ ಒಂದರ ಹಿಂದೆ ಒಂದು ಎರಡು ಗುಮ್ಮಟ; ಒಳಗಿನದರ ಕೆಳಗೆ ಪ್ರಾರ್ಥನೆ. ಹೊರಗಿನದರ ಎರಡೂ ಪಕ್ಕಕ್ಕೆ ಒಂದೊಂದು ಕೋಣೆ, ಕೋಣೆಗೊಂದು ಅಗ್ಗಿಷ್ಟಿಕೆ. ದಾರಿಹೋಕರು ಬಂದರೆ ಮೂರು ದಿನ ಊಟ, ಬೆಂಕಿ, ಹಾಸಿಗೆ. ಯಾವ ಊರು, ಯಾವ ದೇವರು ಎಂದು ಕೇಳುತ್ತಿರಲಿಲ್ಲ. ಗೋಡೆ ಮೂರು ಸಾಲು ಇಟ್ಟಿಗೆ, ಒಂದು ಸಾಲು ಕಲ್ಲು. ಒಳಗೆ ಉದ್ದಕ್ಕೂ ಓಕ್ ಮರದ ತೊಲೆಗಳು, ನೆಲ ನಡುಗಿದರೆ ಗೋಡೆಯೂ ಅದರ ಜೊತೆ ಅಷ್ಟಿಷ್ಟು ಬಾಗಲಿ ಎಂದು. ಮುಂದಿನ ಜಗಲಿಯ ನಾಲ್ಕು ದಪ್ಪ ಕಂಬ ನಮ್ಮವಲ್ಲ, ಅದಕ್ಕೂ ಹಿಂದೆ ಇಲ್ಲಿದ್ದ ರೋಮಿನವರ ಚರ್ಚಿನವು. ಚೌಕದ ಗೋಡೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸಲು ಸುತ್ತ ತ್ರಿಕೋನಗಳ ಪಟ್ಟಿ ಮಾಡಿದ್ದಾರೆ, ಮಡಚಿದ ಕಾಗದದ ಹಾಗೆ. ನನ್ನ ಅಜ್ಜ ಅವನ್ನು ಎಣಿಸಿದ್ದ. ಇಪ್ಪತ್ತನಾಲ್ಕು.

ಬರುವುದಾದರೆ ಬಾ. ಗುಮ್ಮಟ ಬರೆದುಕೋ. ಬಾಗಿಲಿನ ಹತ್ತಿರ ಜನ ಜಾಸ್ತಿ, ಅಲ್ಲಿ ಟೇಪು ಹಿಡಿದು ನಿಲ್ಲಬೇಡ.

ರುಶ್ತು


ಇಸ್ತಾಂಬುಲ್
20 ನವೆಂಬರ್ 1998

ಬಾಬಾ,

ಇದು ನೀವು ನನಗೆ ಬರೆದ ಅತಿ ಉದ್ದದ ಪತ್ರ. ಅದೂ ಮಸೀದಿಯ ಬಗ್ಗೆ. ತರಗತಿಯಲ್ಲಿ ಓದಿದೆ. "ಮಡಚಿದ ಕಾಗದದ ಹಾಗೆ" ಎಂಬಲ್ಲಿ ಮೇಡಂ ತಲೆಯಾಡಿಸಿದರು.

ಆದರೆ ಬಾಗಿಲು ಬಿಟ್ಟು ನಮ್ಮ ಮಸೀದಿ ಹೇಗೆ ಬರೆಯಲಿ? ಬಾಗಿಲಿನ ಎರಡು ಪಕ್ಕದ ಸಣ್ಣ ಅಮೃತಶಿಲೆಯ ಕಂಬಗಳ ಬಗ್ಗೆ ಹೇಳಿದೆ. ಅವು ಯಾವ ಭಾರವನ್ನೂ ಹೊರುವುದಿಲ್ಲ, ತಲೆಯ ಮೇಲೆ ಕೂದಲೆಳೆಯಷ್ಟು ಸಂದು, ಬೆರಳಿನಿಂದ ತಳ್ಳಿದರೆ ತಿರುಗುತ್ತವೆ, ತಿರುಗುವಷ್ಟು ದಿನ ಕಟ್ಟಡ ಕದಲಿಲ್ಲವೆಂದು ಅರ್ಥ ಅಂದೆ. ಹಬ್ಬದ ದಿನ ಊರೆಲ್ಲ ಸಾಲು ನಿಂತು ಎಡಗಡೆಯದನ್ನು ತಿರುಗಿಸುತ್ತದೆ, ಸೈನ್ಯಕ್ಕೆ ಹೋಗುವ ಹುಡುಗರು ತಿರುಗಿಸಿಯೇ ಬಸ್ಸು ಹತ್ತುವುದು, ತಿರುಗಿತೆಂದರೆ ತಿರುಗಿ ಬರುತ್ತಾರೆಂಬ ನಂಬಿಕೆ ಅಂದೆ. ಯಾರೂ ನಗಲಿಲ್ಲ. ಮೇಡಂ, "ಕಟ್ಟಡ ತನ್ನ ನಾಡಿ ಹಿಡಿಯೋಕೆ ತಾನೇ ಕೈ ಚಾಚಿದೆ ನೋಡಿ" ಅಂದರು. ಆ ನಾಡಿ ದಿನಾ ನೋಡುವವರು ನಮ್ಮಪ್ಪ ಅನ್ನಬೇಕೆನಿಸಿತು.

ನಾನು ಕೊನೆಯ ಸಲ ಅದನ್ನು ತಿರುಗಿಸಿದ್ದು ಹದಿಮೂರನೇ ವಯಸ್ಸಿನಲ್ಲಿ. ಕಿರುಬೆರಳಿನಲ್ಲಿ. ಮರುವರ್ಷ ಬೇಸಿಗೆ ರಜೆಗೆ ಪೆಟ್ಟಿಗೆ ಕಟ್ಟಿ ಕೂತಿದ್ದಾಗ ನಿಮ್ಮ ಕಾರ್ಡು ಬಂತು. "ಈ ಬೇಸಿಗೆಗೆ ಬರಬೇಡ. ಕೆಲಸವಿದೆ." ಆ ಬೇಸಿಗೆ ಇಡೀ ಹಾಸ್ಟೆಲಿನಲ್ಲಿ ನಾನೂ ವಾರ್ಡನ್ನಿನ ಬೆಕ್ಕೂ ಇಬ್ಬರೇ. ಅದಾದ ಮೇಲೆ ಪ್ರತಿ ಜೂನಿನಲ್ಲೂ ಅದೇ ಕಾರ್ಡು, ಅದೇ ಎರಡು ಸಾಲು. ಐದೂ ನನ್ನ ಹತ್ತಿರ ಇವೆ. ಚಳಿಗಾಲದಲ್ಲಿ ಮೂರೋ ನಾಲ್ಕೋ ದಿನ ಬಂದರೆ, ಹಿಮ ಬಿದ್ದಿದೆ ಒಳಗಿರು ಅಂದಿರಿ.

ದೂರುತ್ತಿಲ್ಲ. ಅಮ್ಮ ತನ್ನ ದೇಶ ಇಂಗ್ಲೆಂಡಿಗೆ ಹೊರಟುಹೋದ ಮೇಲೆ, ಅವಳ ಹಾಗೇ ಇರುವ ನನ್ನ ಮುಖ ನೋಡುವುದು ನಿಮಗೆ ಕಷ್ಟ ಎಂದು ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ತಪ್ಪಾಗಿದ್ದರೆ ಬರೆಯಿರಿ.

ಜನವರಿ ಹದಿನೇಳಕ್ಕೆ ಬರುತ್ತೇನೆ.

ನಿಮ್ಮ
ಜಾಲೆ


ಇಂಜಿರ್ಲಿ
9 ಡಿಸೆಂಬರ್ 1998

ಜಾಲೆ,

ದಪ್ಪ ಕೋಟು ತಾ. ಬಸ್ಸು ಕೆರೆಯ ಹತ್ತಿರ ನಿಲ್ಲಿಸುತ್ತಾನೆ, ಅಲ್ಲಿಂದ ನಡೆಯಬೇಕು.

ರುಶ್ತು


ಇಸ್ತಾಂಬುಲ್
2 ಫೆಬ್ರವರಿ 1999

ಬಾಬಾ,

ಹೇಳದೆ ಎರಡು ದಿನ ಮೊದಲೇ ಹೊರಟು ಬಂದದ್ದಕ್ಕೆ ಕ್ಷಮಿಸಿ. ಬಾಯಿಯಲ್ಲಿ ಕೇಳಲಾರದ್ದನ್ನು ಬರೆಯುತ್ತಿದ್ದೇನೆ. ಬರೆಯುವಾಗ ನೀವು ಎದ್ದು ಹೋಗಿ ಒಲೆಗೆ ಸೌದೆ ಹಾಕುವುದಿಲ್ಲವಲ್ಲ.

ಹಬ್ಬದ ಬೆಳಿಗ್ಗೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಪ್ಪಲಿ ಹೊಲಿಯುವ ಫೆಯ್ಜಿ ತಾತ ತನ್ನ ಮಾಮೂಲಿ ಜಾಗದಲ್ಲಿ, ಎಡಗಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ನನ್ನ ಕೈಯ ಟೇಪು ನೋಡಿದ್ದೇ ತಡ, "ಬಂದ್ಲಪ್ಪಾ ಲಂಡನ್ ದರ್ಜಿ! ಏನಮ್ಮಾ, ಹಬ್ಬಕ್ಕೆ ಮಸೀದಿಗೂ ಅಂಗಿ ಹೊಲಿಸ್ತೀಯಾ?" ಅಂದ. ಎಲ್ಲರೂ ನಕ್ಕರು. ಆಮೇಲೆ ಸಾಲು ಶುರುವಾಯಿತು. ಸೆಹೆರ್ ಚಿಕ್ಕಮ್ಮ ತಿರುಗಿಸಲಿಲ್ಲ, ತಲೆವಸ್ತ್ರದ ತುದಿಯಿಂದ ಕಂಬವನ್ನು ಒರೆಸಿ ಮುತ್ತಿಟ್ಟು ಪಕ್ಕಕ್ಕೆ ಸರಿದಳು. ಎರಡೂವರೆ ವರ್ಷದ ಹಿಂದೆ ಅವಳ ಮಗ ಇಲ್ಹಾನ್ ಸೈನ್ಯಕ್ಕೆ ಹೋಗುವ ದಿನ ಇದನ್ನು ತಿರುಗಿಸಿ ಹೋದವನು, ಪೂರ್ವದ ಬೆಟ್ಟಗಳ ಕಾಳಗದಿಂದ ಶವಪೆಟ್ಟಿಗೆಯಲ್ಲಿ ಬಂದ ಎಂದು ನನಗೆ ಅಲ್ಲೇ ಗೊತ್ತಾಯಿತು. ನೀವು ಬರೆದಿರಲಿಲ್ಲ.

ಫೆಯ್ಜಿ ತಾತ ತಿರುಗಿಸುವಾಗ ಎರಡೂ ಕೈ ಹಚ್ಚಿದ. "ನಂಗೆ ವಯಸ್ಸಾಯ್ತಾ, ಇದಕ್ಕೆ ವಯಸ್ಸಾಯ್ತಾ ರುಶ್ತು?" ಅಂದ.

ನೀವು ಅಂದಿರಿ: "ಇದಕ್ಕೆ ಆರುನೂರು. ನಿಂಗೆ ಅದಕ್ಕಿಂತ ಒಂದೆರಡು ಜಾಸ್ತಿ."

ಎಲ್ಲರೂ ನಕ್ಕರು. ನೀವು ನಗಲಿಲ್ಲ. ನೀವು ನನ್ನನ್ನೇ ನೋಡುತ್ತಿದ್ದಿರಿ.

ನನ್ನ ಸರದಿಯಲ್ಲಿ ಕಿರುಬೆರಳು ಸಾಲಲಿಲ್ಲ. ಅಂಗೈ ಇಟ್ಟು ತಳ್ಳಿದೆ. ತಿರುಗಿತು. ಕೈಗೆ ಸಾಬೂನಿನ ವಾಸನೆ ಬಂತು.

ಮಾರನೇ ದಿನ ನೀವು ಸ್ಮಶಾನದ ಗೋಡೆ ಕಟ್ಟಲು ಹೋದಾಗ ಬಾಗಿಲು ಅಳೆದೆ. ಬಲಗಂಬ ನೂರ ನಲವತ್ತೆರಡು ಸೆಂಟಿಮೀಟರ್. ಎಡಗಂಬ ನೂರ ನಲವತ್ತೊಂದು ಮತ್ತು ಒಂದು ಮಿಲಿಮೀಟರ್. ನಾನು ಮೊದಲ ವರ್ಷದವಳು, ಟೇಪು ಸರಿಯಾಗಿ ಹಿಡಿಯಲು ಬರುವುದಿಲ್ಲ ಎಂದುಕೊಂಡು ಏಳು ಸಲ ಅಳೆದೆ. ಏಳು ಸಲವೂ ಒಂಬತ್ತು ಮಿಲಿಮೀಟರ್ ಕಡಿಮೆ. ಹಳೆಯವರು ಮಾಡಿದ್ದೇ ಹಾಗಿರಬಹುದು ಅಂದುಕೊಂಡೆ. ಹಾಗೆಂದು ನಂಬಲು ತುಂಬಾ ಪ್ರಯತ್ನಪಟ್ಟೆ.

ಆ ಸಂಜೆ ಕಂಬಳಿ ಹುಡುಕುವಾಗ ದೊಡ್ಡ ಪೆಟ್ಟಿಗೆಯ ತಳದಲ್ಲಿ ಅಮ್ಮನ ನಕ್ಷೆ ಸಿಕ್ಕಿತು. 1977. ಅವಳು ನಿಮ್ಮನ್ನು ಮದುವೆಯಾಗುವ ಮೊದಲು, ಮಸೀದಿ ಬರೆಯಲೆಂದು ಬಂದಾಗಿನದು. ಬಾಗಿಲಿನ ಎರಡೂ ಕಂಬದ ಪಕ್ಕ ಅವಳ ಅಕ್ಷರದಲ್ಲಿ ಒಂದೇ ಅಂಕಿ. 142. 142.

ಬಾಬಾ, ಕಲ್ಲು ಸವೆದರೆ ಮೈ ಸವೆಯುತ್ತದೆ. ತಲೆ ಸವೆಯುವುದಿಲ್ಲ. ಆ ಒಂಬತ್ತು ಮಿಲಿಮೀಟರ್ ಎಲ್ಲಿ ಹೋಯಿತು?

ಜಾಲೆ


ಇಂಜಿರ್ಲಿ
14 ಫೆಬ್ರವರಿ 1999

ಜಾಲೆ,

ನಿನ್ನ ಕೈಚೀಲ ಇಲ್ಲೇ ಬಿಟ್ಟುಹೋಗಿದ್ದೀಯ, ಬಸ್ಸಿನವನ ಕೈಯಲ್ಲಿ ಕಳಿಸಿದ್ದೇನೆ.

ಪೆಟ್ಟಿಗೆಯ ತಳದಲ್ಲಿರುವುದು ಪೆಟ್ಟಿಗೆಯ ತಳದಲ್ಲೇ ಇರಬೇಕಾದದ್ದು. ನಿನ್ನ ತಾಯಿಯೂ ಹೀಗೇ, ಬಂದಳು, ಎಲ್ಲವನ್ನೂ ಅಳೆದಳು, ಅಳತೆ ಮುಗಿದ ಮೇಲೆ ಹೋದಳು.

ಎರಡು ಕಂಬವನ್ನೂ ಒಂದೇ ಎತ್ತರಕ್ಕೆ ಬರೆ. ನಿನ್ನ ಕಾಗದದಲ್ಲಿ ಒಂಬತ್ತು ಮಿಲಿಮೀಟರ್ ಎಂದರೆ ಪೆನ್ಸಿಲ್ ಗೆರೆಯ ದಪ್ಪವೂ ಅಲ್ಲ. ಯಾರಿಗೂ ಕಾಣುವುದಿಲ್ಲ. ಇದೊಂದು ಕೆಲಸ ನನಗಾಗಿ ಮಾಡು. ನಾನು ನಿನ್ನನ್ನು ಇದುವರೆಗೆ ಏನನ್ನೂ ಕೇಳಿಲ್ಲ.

ರುಶ್ತು


ಇಸ್ತಾಂಬುಲ್
1 ಮಾರ್ಚ್ 1999

ಬಾಬಾ,

ನಿಜ, ನೀವು ನನ್ನನ್ನು ಇದುವರೆಗೆ ಏನನ್ನೂ ಕೇಳಿಲ್ಲ. ಹೇಗಿದ್ದೀಯ ಎಂದೂ ಕೇಳಿಲ್ಲ.

ನಾನು ದಡ್ಡಿಯಲ್ಲ, ಹೆದರುಪುಕ್ಕಿ ಅಷ್ಟೇ. ಐದು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಮೊದಲನೆಯದು ಜೂನ್ 94. ಹಿಂದಿನ ವರ್ಷ ದೊಡ್ಡ ದುರಸ್ತಿ ನಡೆದಿತ್ತು. ಪ್ರತಿ ಜೂನಿನಲ್ಲೂ ಮಸೀದಿಯ ಜಮಖಾನೆ ಒಗೆಯಲೆಂದು ಜಗಲಿಗೆ ಸುತ್ತಲೂ ಬಟ್ಟೆ ಕಟ್ಟುತ್ತೀರಲ್ಲ? ಆ ಬಟ್ಟೆಯ ಒಳಗೆ ನಡೆದದ್ದು ಜಮಖಾನೆ ಒಗೆತ ಒಂದೇನಾ?

ಕಂಬ ಸಿಕ್ಕಿಹಾಕಿಕೊಂಡಿತು. ಕಟ್ಟಡ ಎಡಕ್ಕೆ ಕುಸಿಯುತ್ತಿದೆ, ಮೇಲಿನ ಕಲ್ಲು ಕಂಬದ ತಲೆಯನ್ನು ಒತ್ತುತ್ತಿದೆ. ನೀವು ತಲೆ ಅರೆದಿರಿ. ತಿರುಗಿತು. ಮತ್ತೆ ಒತ್ತಿತು, ಮತ್ತೆ ಅರೆದಿರಿ. ಹೌದೋ ಅಲ್ಲವೋ?

ಅಲ್ಲ ಅಂದರೆ ನಂಬುತ್ತೇನೆ. ದಯವಿಟ್ಟು ಅಲ್ಲ ಅನ್ನಿ. ಫೆಯ್ಜಿ ತಾತ ದಿನವೆಲ್ಲ ಅದಕ್ಕೇ ಬೆನ್ನು ಕೊಟ್ಟು ಕೂತಿರುತ್ತಾನೆ.

ಜಾಲೆ


ಇಂಜಿರ್ಲಿ
16 ಮಾರ್ಚ್ 1999

ಜಾಲೆ,

ಹೌದು.

93ರಲ್ಲಿ ಹೊರಗಿನಿಂದ ಗುತ್ತಿಗೆದಾರರು ಬಂದರು. ಗೋಡೆಯೊಳಗಿನ ಓಕ್ ತೊಲೆ ಹುಳು ಹಿಡಿದಿವೆ, ತೆಗೆದು ಸಿಮೆಂಟು ತುಂಬೋಣ, ಗುಮ್ಮಟದ ಸೊಂಟಕ್ಕೆ ಕಾಂಕ್ರೀಟ್ ಪಟ್ಟಿ ಹಾಕೋಣ ಅಂದರು. ಊರಿನ ಉಸ್ತಾ ನಾನು. "ಏನಂತೀಯ ರುಶ್ತು ಉಸ್ತಾ?" ಎಂದು ನನ್ನನ್ನು ಕೇಳಿದರು. ಓದಿದವರು, ಕೋಟು ಹಾಕಿದವರು, ನನ್ನನ್ನು ಕೇಳಿದರು. ನಾನು ಒಂದು ತೊಲೆಗೆ ಉಳಿ ಹೊಡೆದು ನೋಡಿದೆ. ಮೇಲೆ ಎರಡು ಬೆರಳು ಪುಡಿ, ಒಳಗೆ ಕಬ್ಬಿಣದ ಹಾಗಿತ್ತು. ಆದರೂ "ತೆಗೀರಿ" ಅಂದೆ. ಅವರೆದುರು ಹಳೆಯ ಕಾಲದವನಾಗಿ ನಿಲ್ಲಲು ನಾಚಿಕೆಯಾಯಿತು. ಅಜ್ಜ ದಾಟಿಸಿಕೊಟ್ಟಿದ್ದ ತೊಲೆಗಳನ್ನು ನನ್ನ ಕೈಯಿಂದಲೇ ಎಳೆದು ಹಾಕಿದೆ. ಒಂದು ಚಳಿಗಾಲ ಊರ ಸ್ನಾನಗೃಹ ಹಮಾಮಿನ ಒಲೆಗೆ ಅದೇ ಸೌದೆ.

ಮುಂದಿನ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎಡಗಂಬ ತಿರುಗಲಿಲ್ಲ.

ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಪಕ್ಕದ ಊರಿನ ಮಸೀದಿಗೆ ಬಿರುಕು ಬಿಟ್ಟಿದೆ ಎಂದು ಬಾಗಿಲಿಗೆ ಹಲಗೆ ಹೊಡೆದು ಮುಚ್ಚಿ ಇಪ್ಪತ್ತು ವರ್ಷವಾಯಿತು. ಒಳಗೆ ಪಾರಿವಾಳ ಪ್ರಾರ್ಥನೆ ಮಾಡುತ್ತವೆ. ಮುಚ್ಚಿದ ಮಸೀದಿ ಮತ್ತೆ ತೆರೆದದ್ದನ್ನು ನಾನು ನೋಡಿಲ್ಲ. ಅದಕ್ಕೇ ಲಾರಿಯ ಜಾಕ್ ತಂದೆ. ಮೇಲಿನ ಕಲ್ಲನ್ನು ಒಂದಿಷ್ಟು ಎತ್ತಿ ಹಿಡಿದು, ಕಂಬ ಹೊರಗೆ ತೆಗೆದು, ತಲೆ ಅರೆದೆ. ಮೊದಲ ಸಲ ಮೂರು ವಾರ ಹಿಡಿಯಿತು. ಆಮೇಲಾಮೇಲೆ ಎರಡು ದಿನ ಸಾಕಾಗುತ್ತಿತ್ತು. ಹಬ್ಬದ ಮುನ್ನಾದಿನ ಸುಲಭವಾಗಿ ಜಾರಲೆಂದು ಸಾಬೂನು ಸವರುತ್ತಿದ್ದೆ.

ನಿನ್ನನ್ನು ಯಾಕೆ ಬರಬೇಡ ಅಂದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನೀನು ಚಿಕ್ಕವಳಿದ್ದಾಗ ಜಗಲಿಯಲ್ಲಿ ನನ್ನ ಪಕ್ಕ ಕೂತು ಇಟ್ಟಿಗೆ ಎಣಿಸುತ್ತಿದ್ದೆ. ಒಂದು ತಪ್ಪಿದ್ದರೆ "ಬಾಬಾ, ಇಲ್ಲೊಂದು ಕಮ್ಮಿ" ಅನ್ನುತ್ತಿದ್ದೆ. ಇಡೀ ಊರಿನಲ್ಲಿ ಕಣ್ಣಿದ್ದದ್ದು ನಿನಗೊಬ್ಬಳಿಗೆ. ನೀನು ಬಂದಿದ್ದರೆ ನೋಡಿಬಿಡುತ್ತಿದ್ದೆ.

ನಿನ್ನ ಮುಖ ನೋಡಲು ಕಷ್ಟ ಎಂದಲ್ಲ. ಆ ಮಾತು ತಪ್ಪು.

ಈಗ ಗೊತ್ತಾಯಿತಲ್ಲ. ಎರಡನ್ನೂ ಒಂದೇ ಎತ್ತರಕ್ಕೆ ಬರೆ.

ರುಶ್ತು


ಇಸ್ತಾಂಬುಲ್
20 ಏಪ್ರಿಲ್ 1999

ಬಾಬಾ,

ಒಂದು ತಿಂಗಳು ಬರೆಯಲಿಲ್ಲ. ನಿಮ್ಮ ಪತ್ರ ಮಡಚಿ ಮಡಚಿ ಮಡಿಕೆಯಲ್ಲಿ ಹರಿದಿದೆ. ಐದು ಬೇಸಿಗೆ ನಾನು ಹಾಸ್ಟೆಲಿನ ಕಿಟಕಿಯಲ್ಲಿ ಕೂತು ನನ್ನಲ್ಲಿ ಏನು ಕಡಿಮೆಯಿದೆ ಎಂದು ಹುಡುಕಿದೆ. ಮೂಗು ಇರಬಹುದು, ಅಮ್ಮನದು. ಮಾತಿನ ಧಾಟಿ ಇರಬಹುದು. ಹದಿನೈದರಲ್ಲಿ ಕೂದಲಿಗೆ ಕಪ್ಪು ಬಣ್ಣ ಹಚ್ಚಿದೆ, ನಿಮ್ಮದರ ಹಾಗಾಗಲಿ ಎಂದು. ಕಾರಣ ಒಂದು ಕಂಬದ ತಲೆಯಾಗಿತ್ತು.

ನಕ್ಷೆ ಕೊಟ್ಟೆ. ಇದ್ದದ್ದನ್ನು ಇದ್ದ ಹಾಗೇ ಬರೆದೆ. ಬಲಕ್ಕೆ 142, ಎಡಕ್ಕೆ 141.1. ವಿವರಣೆ ಬರೆಯಲಿಲ್ಲ. ಯಾರಾದರೂ ಕೇಳಲಿ, ಕೇಳಿದರೆ ಹೇಳುತ್ತೇನೆ ಎಂದುಕೊಂಡೆ.

ಇವತ್ತು ವಾಪಸು ಬಂತು. ಎಡಗಂಬದ ಸುತ್ತ ಕೆಂಪು ವೃತ್ತ. ಮೇಡಂ ಎಲ್ಲರೆದುರು, "ಜಾಲೆ, ಗುಮ್ಮಟ ಚೆನ್ನಾಗಿ ಬರೆದಿದೀಯ. ಆದ್ರೆ ಇಂಥ ಕಂಬಾನ ಆ ಉಸ್ತಾಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಮಾಡ್ತಿರಲಿಲ್ಲ. ಟೇಪಿನ ತುದಿ ಮಡಚ್ಕೊಂಡಿರತ್ತೆ. ಮೊದಲ ವರ್ಷದಲ್ಲಿ ಎಲ್ರೂ ಮಾಡೋ ತಪ್ಪು. ತಿದ್ದಿ ತಂದ್ರೆ ಪೂರ್ತಿ ಅಂಕ" ಅಂದರು.

ಹಿಂದಿನ ಬೆಂಚಿನಿಂದ, "ಅಪ್ಪನೇ ನೋಡ್ಕೊಳ್ಳೋ ಮಸೀದಿ ಅಳೆಯೋಕೂ ಬರಲ್ವಾ?"

ಬಾಯಿ ತೆರೆದೆ. ಊರಿನಿಂದ ಹೊರಡುವ ಮೊದಲು ನಕಲಿಳಿಸಿಕೊಂಡಿದ್ದ ಅಮ್ಮನ ನಕ್ಷೆಯ ಪ್ರತಿ ನನ್ನ ಚೀಲದಲ್ಲೇ ಇತ್ತು. ತೋರಿಸಿದ್ದರೆ ಮುಗಿಯುತ್ತಿತ್ತು. ನಾನು "ಹೌದು ಮೇಡಂ, ಟೇಪು ಮಡಚಿಕೊಂಡಿತ್ತು" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಮಗೆ ಬೇಕಾದದ್ದು ಆಯಿತು. ನಿಮ್ಮ ಕಂಬ ಸರಿಯಿದೆ. ತಪ್ಪು ನಾನು.

ಜಾಲೆ


ಇಂಜಿರ್ಲಿ
29 ಏಪ್ರಿಲ್ 1999

ನನ್ನ ಮುದ್ದು ಜಾಲೆ,

ಪತ್ರ ಓದಿ ಜಗಲಿಯಲ್ಲೇ ಕೂತುಬಿಟ್ಟೆ. ಫೆಯ್ಜಿ, "ಏನ್ ರುಶ್ತು, ಮಗಳಿಗೆ ಮದುವೇನಾ, ಮುಖ ಹಿಂಗ್ ಅರಳಿದೆ?" ಅಂದ. ಅವನಿಗೆ ಚಹಾ ಕೊಡಿಸಿದೆ. ಎಷ್ಟೋ ವರ್ಷದ ಮೇಲೆ ಎದೆ ಹಗುರಾಗಿದೆ. ನಿನ್ನ ಮೇಡಂ ಬುದ್ಧಿವಂತೆ, ಹಳೆಯ ಉಸ್ತಾಗಳ ಮೇಲೆ ಗೌರವ ಇಟ್ಟುಕೊಂಡಿದ್ದಾಳೆ. ಬೇಗ ತಿದ್ದಿ ಕೊಡು, ಪೂರ್ತಿ ಅಂಕ ತಗೋ.

ಒಣ ಅಂಜೂರ, ವಾಲ್ನಟ್, ಕುರಿಯ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಕಾಲುಚೀಲ ಸೆಹೆರ್ ಹೆಣೆದದ್ದು. "ನಿಮ್ಮ ಹುಡುಗಿ ಹಬ್ಬದಲ್ಲಿ ನನ್ನ ಕೈ ಹಿಡ್ಕೊಂಡಿತ್ತು" ಅಂದಳು. ಈ ಬೇಸಿಗೆಗೆ ಬಾ. ಜೂನಿನಲ್ಲೇ ಬಾ. ಮೇಲಿನ ಕೋಣೆಗೆ ಸುಣ್ಣ ಹೊಡೆಸುತ್ತೇನೆ. ಯಾವ ಬಣ್ಣ ಬೇಕು ಎಂದು ಬರೆ.

ನಿನ್ನ
ಬಾಬಾ


ಇಸ್ತಾಂಬುಲ್
12 ಮೇ 1999

ಬಾಬಾ,

"ನನ್ನ ಮುದ್ದು ಜಾಲೆ" ಎಂಬುದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹನ್ನೊಂದು ವರ್ಷ ಇದೊಂದು ಸಾಲಿಗಾಗಿ ಅಂಚೆಯವನನ್ನು ಕಾದಿದ್ದೇನೆ. ಬಂತು, ನಾನು ಸುಳ್ಳು ಹೇಳಿದ್ದಕ್ಕೆ ಬಹುಮಾನವಾಗಿ.

ತಿದ್ದಿದ ನಕ್ಷೆ ಮೇಜಿನ ಮೇಲಿದೆ. ಎಡಕ್ಕೆ 142 ಎಂದು ಬರೆದಿದ್ದೇನೆ. ನಾಳೆ ಕೊಟ್ಟರೆ ಮುಗಿಯಿತು. ಗೋಡೆಗೆ ತಿಳಿನೀಲಿ ಬಣ್ಣ ಎಂದು ನಿಮಗೆ ಬರೆಯಲು ಕೂತೆ, ನಿಜವಾಗಿ ಬರೆದೆ ಕೂಡ. ಆಮೇಲೆ ಸೆಹೆರ್ ಚಿಕ್ಕಮ್ಮನ ಕಾಲುಚೀಲ ಹಾಕಿಕೊಂಡೆ. ಒಂದು ಇನ್ನೊಂದಕ್ಕಿಂತ ಅರ್ಧ ಬೆರಳು ಉದ್ದ. ಹೆಣೆಯುವಾಗ ಅವಳಿಗೆ ಕಣ್ಣು ಕಾಣಿಸಿರಲಿಕ್ಕಿಲ್ಲ. ಅವಳು ಪ್ರತಿ ಶುಕ್ರವಾರ ಬಂದು ಒರೆಸುವುದು ಅದೇ ಕಂಬವನ್ನು, ನಿಲ್ಲುವುದು ಅದೇ ಗೋಡೆಯ ಕೆಳಗೆ. ಚಿಕ್ಕ ಮಕ್ಕಳ ಪಾಠ ನಡೆಯುವುದೂ ಅಲ್ಲೇ. ನಮ್ಮದು ನೆಲ ನಡುಗುವ ಸೀಮೆ. ಬಾಗುವ ತೊಲೆಗಳನ್ನು ನೀವು ಒಲೆಗೆ ಹಾಕಿದ್ದೀರಿ.

ಐದು ವರ್ಷ ನೀವು ಅರೆದದ್ದು ಕಲ್ಲನ್ನಲ್ಲ ಬಾಬಾ, ಎಚ್ಚರಿಕೆಯನ್ನು.

ಮಸೀದಿಗಳನ್ನು ನೋಡಿಕೊಳ್ಳುವ ಕಚೇರಿಗೆ ಇವತ್ತು ಪತ್ರ ಹಾಕಿದೆ. ಅಮ್ಮನ ನಕ್ಷೆ, ನನ್ನ ಮೊದಲ ನಕ್ಷೆ, ಎರಡರ ಪ್ರತಿಯನ್ನೂ ಸೇರಿಸಿದ್ದೇನೆ. ಎಡಗಂಬ ಒಂಬತ್ತು ಮಿಲಿಮೀಟರ್ ಚಿಕ್ಕದಾಗಿದೆ, ಕಟ್ಟಡ ಕದಲಿದೆ, ಜಗಲಿಯಿಂದ ಜನರನ್ನು ದೂರವಿಡಿ ಎಂದು ಬರೆದಿದ್ದೇನೆ. ಯಾರು ಅರೆದರು ಎಂದು ಬರೆದಿಲ್ಲ. ಅದು ನಿಮಗೆ ಬಿಟ್ಟದ್ದು. ಮೇಡಂಗೂ ಹಳೆಯ ನಕ್ಷೆಯನ್ನೇ ಕೊಡುತ್ತೇನೆ, ಕೆಂಪು ವೃತ್ತದ ಸಮೇತ.

ಪತ್ರ ಹಾಕುವ ಮೊದಲು ಅಂಚೆ ಡಬ್ಬಿಯವರೆಗೆ ಹೋಗಿ ಎರಡು ಸಲ ವಾಪಸು ಬಂದಿದ್ದೆ. ಧೈರ್ಯವಂತೆ ಎಂದುಕೊಳ್ಳಬೇಡಿ.

ಜೂನಿನಲ್ಲಿ ಬರಲೇ? ಈಗಲೂ ಬಾ ಎಂದರೆ ಬರುತ್ತೇನೆ. ಬಣ್ಣ ಯಾವುದಾದರೂ ಆದೀತು. ಸುಣ್ಣ ಹೊಡೆಸದಿದ್ದರೂ ಆದೀತು.

ನಿಮ್ಮ
ಜಾಲೆ


ಇಂಜಿರ್ಲಿ
13 ಜೂನ್ 1999

ಜಾಲೆ,

ಮೊನ್ನೆ ಮಂಗಳವಾರ ಅವರು ಬಂದರು. ಮೂರು ಜನ. ಒಬ್ಬ ಗೋಡೆಗೆ, ಕದಲಿದರೆ ಒಡೆದು ತಿಳಿಯಲೆಂದು, ಗಾಜಿನ ಪಟ್ಟಿ ಅಂಟಿಸಿದ, ಒಬ್ಬ ದಾರ ಇಳಿಬಿಟ್ಟು ನೋಡಿದ, ಒಬ್ಬ ತಲೆ ಅಲ್ಲಾಡಿಸಿದ. ಮಧ್ಯಾಹ್ನದೊಳಗೆ ಜಗಲಿಯ ಸುತ್ತ ಹಲಗೆ ಹೊಡೆದರು. ಬಾಗಿಲಿಗೆ ಅವರ ಬೀಗ. ನನ್ನ ಬೀಗದ ಕೈ ತೆಗೆದುಕೊಂಡರು. ಅಜ್ಜನ ಕಾಲದಿಂದ ನಮ್ಮ ಮನೆಯ ಮೊಳೆಗೆ ನೇತುಹಾಕಿದ್ದ ಕೈ ಅದು. ಈಗ ಗೋಡೆಯ ಮೇಲೆ ಅದರ ಆಕಾರ ಮಾತ್ರ ಬೆಳ್ಳಗೆ ಉಳಿದಿದೆ.

ಕಂಬದ ತಲೆ ನೋಡಿ ಅವರಲ್ಲೊಬ್ಬ "ಇದು ಯಾರ ಕೆಲಸ?" ಎಂದು ಕೇಳಿದ. ಊರೆಲ್ಲ ನಿಂತಿತ್ತು. "ನನ್ನದು" ಅಂದೆ.

ಫೆಯ್ಜಿ ತನ್ನ ಚಪ್ಪಲಿ ಹೊಲಿಯುವ ಪೆಟ್ಟಿಗೆ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿದ್ದಾನೆ. ಹೋಗುವಾಗ, "ಐದು ವರ್ಷ ನಾವು ತಿರುಗಿಸಿದ್ದು ಏನನ್ನ ರುಶ್ತು?" ಅಂದ. ತಮಾಷೆಗೆ ಅಂದದ್ದಲ್ಲ. ಅವನು ತಮಾಷೆಯಿಲ್ಲದೆ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಸೆಹೆರ್ ಮನೆತನಕ ಬಂದಳು. ಹೊಸ್ತಿಲು ದಾಟಲಿಲ್ಲ. "ನನ್ನ ಇಲ್ಹಾನ್ ಹೋಗೋ ದಿನ ಅದು ತಾನಾಗೇ ತಿರುಗ್ತಿತ್ತಾ, ನೀನು ತಿರುಗೋ ಹಾಗೆ ಮಾಡಿದ್ದಾ? ಅದೊಂದು ಹೇಳು ಸಾಕು" ಅಂದಳು. 96ರ ಜೂನ್ ಮುಗಿದ ಮೇಲೆ ಅವನು ಹೋದದ್ದು. ನಾನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ಅವಳಿಗೆ ಗೊತ್ತಾಯಿತು.

ನಿನ್ನ ಅರ್ಜಿಯ ಪ್ರತಿಯನ್ನು ಅವರು ನನಗೂ ತೋರಿಸಿದರು. ನಿನ್ನ ಅಕ್ಷರ ನಿನ್ನ ತಾಯಿಯದರ ಹಾಗೆಯೇ ಇದೆ. ಅದರಲ್ಲಿ ಒಂದು ತಪ್ಪಿದೆ. ಒಂಬತ್ತು ಮಿಲಿಮೀಟರ್ ಎಂದು ಬರೆದಿದ್ದೀಯ. ಅದು ಜನವರಿಯ ಅಳತೆ. ನೀನು ಹೇಳದೆ ಹೊರಟುಹೋದ ವಾರ ಮತ್ತೆ ಸಿಕ್ಕಿಕೊಂಡಿತ್ತು. ಎರಡು ಮಿಲಿಮೀಟರ್ ತೆಗೆದೆ. ಆಮೇಲೆ ಕೂತು ನಿನಗೆ ಎರಡನ್ನೂ ಒಂದೇ ಎತ್ತರಕ್ಕೆ ಬರೆ ಎಂದು ಪತ್ರ ಬರೆದೆ.

ಹನ್ನೊಂದು. ತಿದ್ದಿಕೋ.

ಈ ಬೇಸಿಗೆಗೆ ಬರಬೇಡ. ಕೆಲಸವಿದೆ.

ರುಶ್ತು